ಎಲೆಯ ಮೇಲಿನ ಧೂಳು

ಮಳೆ ನಿಂತ ಮೇಲೆ ಮಿರುಗುವ ಎಲೆಯನ್ನು ಹೊಗಳಿದ ಕವಿಗಳು ಬಹುಮಂದಿ; ಧೂಳು ಹೊತ್ತ ಎಲೆಯನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಜನವರಿಯ ಒಣಹವೆಯಲ್ಲಿ, ರಸ್ತೆಯ ಅಂಚಿನಲ್ಲಿ, ಹಸುರೋ ಬೂದಿಯೋ ಎಂದು ಹೇಳಲಾರದ ಬಣ್ಣಕ್ಕೆ ತಿರುಗಿ ನಿಂತ ಹೊಂಗೆಯನ್ನೋ ಮಾವನ್ನೋ ಕಂಡಾಗ ನಮ್ಮಲ್ಲಿ ಮೂಡುವುದು ಮರುಕ, ಇಲ್ಲವೆ ಬೇಸರ. ಆದರೆ ಆ ಮಾಸಲು ಬಣ್ಣವೇ ಮರವು ಮಾಡಿದ ಕೆಲಸದ ಲೆಕ್ಕಪತ್ರ. ಎಲೆಯ ಮೇಲೆ ಕುಳಿತ ಧೂಳಿನಲ್ಲಿ ಒಂದಿಷ್ಟಾದರೂ ನಮ್ಮ ಶ್ವಾಸಕೋಶಕ್ಕೆ ಇಳಿಯಬೇಕಾಗಿದ್ದ ಧೂಳು.

ಧೂಳೆಂದರೆ ಎಲ್ಲವೂ ಒಂದೇ ಬಗೆಯದಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು ತಡೆಯುತ್ತದೆ, ಸೀನು ಹೊರಗಟ್ಟುತ್ತದೆ. 10 ಮೈಕ್ರಾನಿಗೆ ಕಡಮೆಯಾದ ಕಣ ಮೂಗನ್ನು ದಾಟಿ ಒಳಗಿಳಿಯಬಲ್ಲುದು, 2.5 ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ಆಳವನ್ನೇ ಮುಟ್ಟುತ್ತದೆ. ಡೀಸೆಲ್ ಹೊಗೆಯ ಕಣಗಳು ಬಹುಮಟ್ಟಿಗೆ ಈ ಜಾತಿಯವು. ಈ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2009ರಲ್ಲಿ ನಮ್ಮ ದೇಶ ಗೊತ್ತುಮಾಡಿದ ಮಿತಿ 40.

ಎಲೆ ಇವನ್ನು ಹಿಡಿಯುವುದು ಹೇಗೆ? ಅದು ಜರಡಿಯಲ್ಲ, ಧೂಳನ್ನು ಹೀರುವ ಬಾಯಿಯೂ ಅದಕ್ಕಿಲ್ಲ. ತೂಕದ ಕಣ ತನ್ನ ಭಾರದಿಂದಲೇ ಎಲೆಯ ಮೇಲೆ ಬೀಳುತ್ತದೆ. ನಡುಗಾತ್ರದ ಕಣದ ಕಥೆ ಬೇರೆ. ಗಾಳಿ ಎಲೆಯನ್ನು ಬಳಸಿಕೊಂಡು ಪಕ್ಕಕ್ಕೆ ಹೊರಳುವಾಗ ಈ ಕಣ ಅದರೊಡನೆ ಹೊರಳಲಾರದೆ ನೆಟ್ಟಗೆ ಬಂದು ಬಡಿಯುತ್ತದೆ. ಗಲ್ಲಿಯ ತಿರುವಿನಲ್ಲಿ ಬರಿಯ ಸೈಕಲ್ಲು ಸಲೀಸಾಗಿ ಹೊರಳುವುದನ್ನೂ, ಭಾರ ಹೇರಿದ ಗಾಡಿ ಗೋಡೆಗೆ ತಾಗುವುದನ್ನೂ ನೋಡಿದವರಿಗೆ ಇದು ಹೊಸತಲ್ಲ. ಇನ್ನು ಅತಿ ಸೂಕ್ಷ್ಮ ಕಣಗಳು: ಗಾಳಿಯ ಅಣುಗಳ ನೂಕುನುಗ್ಗಲಿಗೆ ಸಿಕ್ಕಿ ಗೊತ್ತುಗುರಿಯಿಲ್ಲದೆ ಅಲೆಯುತ್ತ, ಎಲೆಯ ಮೈಗಂಟಿದ ನಿಶ್ಚಲವಾದ ತೆಳುಗಾಳಿಯನ್ನು ಹಾದು ಅಂಟಿಕೊಳ್ಳುತ್ತವೆ. ಹೀಗೆ ಬಂದುದನ್ನು ಹಿಡಿದಿಡುವುದು ಎಲೆಯ ಮೇಲಿನ ರೋಮ, ನರಗಳ ನಡುವಣ ತಗ್ಗು, ಮೇಣದ ಲೇಪ.

ಇದನ್ನು ಮಕ್ಕಳಿಗೆ ಮಾತಿನಲ್ಲಿ ಹೇಳಿ ಫಲವಿಲ್ಲವೆಂದು, ಒಂದು ವರ್ಷ ಕಾರ್ತಿಕ ಕಳೆದ ಮೇಲೆ, ನಮ್ಮ ಶಾಲೆಯ ಮುಂದಿನ ರಸ್ತೆಯಿಂದ ಹೊಂಗೆಯ ಎಲೆಗಳನ್ನೂ ತೇಗದ ಎಲೆಗಳನ್ನೂ ತರಿಸಿದೆ. ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿ, ಒಂದೇ ಅಳತೆಯ ನೀರಿನಲ್ಲಿ ತೊಳೆದು, ಸೋಸುಕಾಗದದಲ್ಲಿ ಸೋಸಿದೆವು. ತೇಗದ ಎಲೆ ಒರಟು, ಅಡಿಯಲ್ಲಿ ರೋಮಮಯ. ಅದರ ಕಾಗದ ಕಪ್ಪಾಯಿತು. ನುಣುಪಾದ ಹೊಂಗೆಯದು ಬರಿಯ ಕಂದು. ರಸ್ತೆಯ ಕಡೆಯ ಕೊಂಬೆಗೂ ಶಾಲೆಯ ಕಡೆಯ ಕೊಂಬೆಗೂ ಭೇದವುಂಟೆಂದು ಕಂಡುಹಿಡಿದವಳು ನಾನಲ್ಲ, ಹಿಂದಿನ ಬೆಂಚಿನ ಒಬ್ಬ ಹುಡುಗಿ. ನಡುವೆ ಒಂದು ಅಕಾಲದ ಮಳೆ ಬಂತು. ಮತ್ತೆ ತರಿಸಿ ತೊಳೆದಾಗ ಹೊಂಗೆ ಬಹುತೇಕ ನಿರ್ಮಲ. ತೇಗದಲ್ಲಿ ಇನ್ನೂ ಕೊಳೆ ಉಳಿದಿತ್ತು.

ಎಲೆ ಧೂಳಿಗೆ ಛತ್ರವೇ ಹೊರತು ಸಮಾಧಿಯಲ್ಲ ಎಂಬುದನ್ನು ಆ ಮಳೆ ತೋರಿಸಿತು. ಕುಳಿತ ಕಣಗಳಲ್ಲಿ ಕೆಲವನ್ನು ಗಾಳಿ ಮತ್ತೆ ಎಬ್ಬಿಸುತ್ತದೆ, ಕೆಲವನ್ನು ಮಳೆ ಮಣ್ಣಿಗಿಳಿಸುತ್ತದೆ, ಉಳಿದವು ಎಲೆಯೊಡನೆ ಉದುರುತ್ತವೆ. ಮಣ್ಣು ಸೇರಿದರೆ ಲೇಸು. ಆದರೆ ನಾವು ಮಾಡುವುದೇನು? ಉದುರಿದ ಎಲೆಗಳನ್ನು ಗುಡಿಸಿ ರಾಶಿಮಾಡಿ ಬೆಂಕಿಯಿಡುತ್ತೇವೆ. ಮರ ವರ್ಷವೆಲ್ಲ ಕಷ್ಟಪಟ್ಟು ಕೂಡಿಸಿದುದನ್ನು, ಬಡ್ಡಿಯಾಗಿ ಹೊಸ ಹೊಗೆಯನ್ನೂ ಸೇರಿಸಿ, ಒಂದು ಬೆಳಗಿನಲ್ಲಿ ಗಾಳಿಗೆ ಹಿಂದಿರುಗಿಸುತ್ತೇವೆ.

ಮರದ ಉಪಕಾರವನ್ನು ಹೆಚ್ಚಿಸಿ ಹೇಳುವುದೂ ತಪ್ಪು. ಅಮೆರಿಕದ ನಗರವೃಕ್ಷಗಳು ವರ್ಷಕ್ಕೆ 7 ಲಕ್ಷ 11 ಸಾವಿರ ಟನ್ ಮಾಲಿನ್ಯವನ್ನು, ಅನಿಲವನ್ನೂ ಕಣವನ್ನೂ ಸೇರಿಸಿ, ತೆಗೆಯುತ್ತವೆಂದು 2006ರಲ್ಲಿ ಅಲ್ಲಿನ ವಿಜ್ಞಾನಿಗಳು ಅಂದಾಜು ಮಾಡಿದರು. ಅಷ್ಟಾದರೂ ಗಾಳಿ ಸುಧಾರಿಸಿದ್ದು ಸಾಮಾನ್ಯವಾಗಿ ಶೇಕಡಾ 1ಕ್ಕೂ ಕಡಮೆ. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟಾದ ಬೀದಿಯಲ್ಲಿ ದಟ್ಟ ಕೊಂಬೆಗಳು ಗಾಳಿಯನ್ನು ತಡೆದು ಹೊಗೆಯನ್ನು ಕೆಳಗೇ ನಿಲ್ಲಿಸುವುದೂ ಉಂಟು. ಆದರೆ ಇಡೀ ಊರಿನ ಲೆಕ್ಕ ಬೇರೆ, ಮನೆಯ ಮುಂದಿನ ಲೆಕ್ಕ ಬೇರೆ. ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ಬಾರ್ಬರಾ ಮೇಹರ್ ಮತ್ತು ಸಂಗಡಿಗರು ರಸ್ತೆಬದಿಯ ಮನೆಗಳ ಮುಂದೆ ಬರ್ಚ್ ಗಿಡಗಳನ್ನು ಸಾಲಾಗಿ ಇರಿಸಿ ಅಳೆದಾಗ, ಒಳಗಿನ ಕಣಗಳು ಅರ್ಧಕ್ಕಿಂತ ಕೆಳಗಿಳಿದವು. ಇದು ಪ್ರಕಟವಾದದ್ದು 2013ರಲ್ಲಿ. ಅದೇ ವರ್ಷ ಹರಿಣಿ ನಾಗೇಂದ್ರರೂ ಜೊತೆಗಾರರೂ ಬೆಂಗಳೂರಿನ ರಸ್ತೆಗಳನ್ನು ಅಳೆದ ವರದಿಯೂ ಹೊರಬಂತು. ಮರವಿದ್ದ ಭಾಗಗಳಲ್ಲಿ ಶೇಕಡಾ 80ರಷ್ಟು ಕಡೆ ತೇಲುಧೂಳು ಮಿತಿಯೊಳಗಿತ್ತು. ಮರವಿಲ್ಲದ ರಸ್ತೆಗಳಲ್ಲಿ ಅರ್ಧದಷ್ಟು ಕಡೆ ಅದು ಮಿತಿಯ ಎರಡರಷ್ಟನ್ನು ಸಮೀಪಿಸಿತ್ತು.

1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ ಅವರು ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಈ ಊರಿನ ಸಾಲುಮರಗಳನ್ನು ಯೋಜಿಸಿದರು. ಡೀಸೆಲ್ ಧೂಳಿನ ಲೆಕ್ಕ ಅಂದಿನ ಮಾತಲ್ಲ. ಕಣ್ಣಿಗೆಂದು ನೆಟ್ಟ ಮರ ಮೊಮ್ಮಕ್ಕಳ ಉಸಿರಿಗೆ ಒದಗಿತು. ಆ ಮೊಮ್ಮಕ್ಕಳು ಕೃತಘ್ನರೇನೂ ಅಲ್ಲ: ಉಕ್ಕಿನ ಮೇಲುಸೇತುವೆಗಾಗಿ ಎಂಟುನೂರಕ್ಕೂ ಹೆಚ್ಚು ಮರಗಳನ್ನು ಕಡಿಯಲು ಹೊರಟಾಗ, 2016ರ ಅಕ್ಟೋಬರಿನಲ್ಲಿ, ಕೈಕೈ ಹಿಡಿದು ರಸ್ತೆಯಲ್ಲಿ ನಿಂತರು, 2017ರ ಮಾರ್ಚಿನಲ್ಲಿ ಆ ಯೋಜನೆಯೇ ನಿಂತಿತು.

ನಮ್ಮ ಶಾಲೆಯ ಮುಂದಿನ ಸಾಲಿಗೆ ಆ ಭಾಗ್ಯವಿರಲಿಲ್ಲ. ರಸ್ತೆ ಅಗಲವಾಯಿತು, ಮರಗಳು ಹೋದವು. ಒಂದಕ್ಕೆ ಹತ್ತು ಸಸಿ ನೆಡುವೆವೆಂದು ಸಂಬಂಧಪಟ್ಟವರು ನನಗೆ ವಿನಯದಿಂದಲೇ ಉತ್ತರಿಸಿದರು. ನಾನು ಗಣಿತದ ಉಪಾಧ್ಯಾಯಿನಿಯಲ್ಲ. ಆದರೂ ಈ ಲೆಕ್ಕ ನನಗೆ ಒಪ್ಪಲಿಲ್ಲ. ಧೂಳನ್ನು ಹಿಡಿಯುವುದು ಕಾಂಡಗಳ ಸಂಖ್ಯೆಯಲ್ಲ, ಎಲೆಗಳ ಹರವು. ಮುದಿಮರವೊಂದು ಹರಡಿದ ಎಲೆಗಳನ್ನು ಮೊಳಕಾಲೆತ್ತರದ ಹತ್ತು ಸಸಿಗಳು ಕೂಡಿಯೂ ಹರಡಲಾರವು. ಅವು ಹರಡುವ ದಿನ ಬಂದೀತು, ನಿಜ. ಈ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳು ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿರುತ್ತಾರೆ. ಹೊಗೆಯನ್ನು ಹುಟ್ಟಿದಲ್ಲೇ ತಗ್ಗಿಸುವುದು ಮೊದಲ ಕೆಲಸ. ಅದು ಆಗುವ ತನಕ ಇರುವ ಮುದಿಮರವನ್ನು ಉಳಿಸಿಕೊಳ್ಳುವುದು ಎರಡನೆಯದು. ಸಸಿಯನ್ನು ಖಂಡಿತವಾಗಿಯೂ ನೆಡೋಣ, ಆದರೆ ಮರದ ಪಕ್ಕದಲ್ಲಿ. ಅದರ ಬುಡವನ್ನು ಕಿತ್ತ ಗುಂಡಿಯಲ್ಲಲ್ಲ.