ಮಾರ್ಚ್‌ಗೆ ಮುಗಿಯುವ ಕೆಲಸ, ಜೂನ್‌ಗೆ ಬರುವ ಮಳೆ

ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಯಸಳೂರು ಕಡೆ ಯಾವ ರಸ್ತೆಯಲ್ಲಿ ಹೋದರೂ ಅಲ್ಲಲ್ಲಿ ಕಾಮಗಾರಿ ಫಲಕ ನಿಂತಿರುತ್ತದೆ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಆರಂಭದ ದಿನ, ಮುಗಿಸಬೇಕಾದ ದಿನ. ಜನ ಮೊತ್ತವನ್ನಷ್ಟೇ ಓದಿ, "ಈ ಮೋರಿಗೆ ಇಷ್ಟು ದುಡ್ಡಾ?" ಎಂದು ಬೈದುಕೊಂಡು ಹೋಗುತ್ತಾರೆ. ನನ್ನ ಕಣ್ಣು ಹೋಗುವುದು ದಿನಾಂಕದ ಕಡೆ. ಫೆಬ್ರವರಿಯಲ್ಲಿ ಶುರುವಾಗಿ ಮಾರ್ಚ್ ಕೊನೆಗೆ ಮುಗಿದ ಡಾಂಬರು ಆಗಸ್ಟಿನ ಹೊತ್ತಿಗೆ ಹೇಗಿರುತ್ತದೆ ಎಂದು ಫಲಕ ನೋಡಿಯೇ ಹೇಳಬಲ್ಲೆ. ಇಂಜಿನಿಯರಿಂಗ್ ಇಲಾಖೆಯೊಂದರ ವಿಭಾಗ ಕಚೇರಿಯಲ್ಲಿ ಟೆಂಡರ್ ಶಾಖೆಯ ಗುಮಾಸ್ತೆಯಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು ನಾನು. ಜಲ್ಲಿ, ಸಿಮೆಂಟು ಮುಟ್ಟಿದ್ದು ಕಡಿಮೆ; ಅವುಗಳ ಕಾಗದ ಮುಟ್ಟದ ದಿನವಿಲ್ಲ.

ನಾನು ಸೇರಿದಾಗ ಟೆಂಡರ್ ಎಂದರೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದ ಕಬ್ಬಿಣದ ಪೆಟ್ಟಿಗೆ. ಮಧ್ಯಾಹ್ನದ ಗಡುವಿನೊಳಗೆ ಲಕೋಟೆ ಅದರೊಳಗೆ ಬೀಳಬೇಕು. ದೊಡ್ಡ ಕೆಲಸವಿದ್ದ ದಿನ ಕಚೇರಿಯ ಗೇಟಿನಲ್ಲಿ ನಾಲ್ಕೈದು ಜನ ಗಟ್ಟಿ ಆಳುಗಳು ಬೀಡಿ ಸೇದುತ್ತ ನಿಂತಿರುತ್ತಿದ್ದರು. ಹೊಸಬರು ಲಕೋಟೆ ಹಿಡಿದು ಬಂದರೆ ಬಹಳ ಮರ್ಯಾದೆಯಿಂದಲೇ ಪಕ್ಕಕ್ಕೆ ಕರೆದು ಮಾತಾಡಿಸುತ್ತಿದ್ದರು. ಅವರು ಕಾಫಿ ಕುಡಿದು ಬರುವಷ್ಟರಲ್ಲಿ ಗಡುವು ಮುಗಿದಿರುತ್ತಿತ್ತು. ಪೆಟ್ಟಿಗೆ ತೆರೆದರೆ ಮೂರೇ ಲಕೋಟೆ, ಮೂರರಲ್ಲೂ ಒಂದೇ ಕೈಬರಹ. ಅದನ್ನು ಕಂಡರೂ ಟಿಪ್ಪಣಿಯಲ್ಲಿ ಬರೆಯಲು ಜಾಗವಿರಲಿಲ್ಲ.

ಇದಕ್ಕೆ ಮದ್ದಾಗಿ ಬಂದದ್ದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಕಚೇರಿಗಳಲ್ಲಿ ಇದರ ಹೆಸರು ಕೆ.ಟಿ.ಪಿ.ಪಿ. ಜಾರಿಯಾದದ್ದು 2000ದ ಅಕ್ಟೋಬರ್‌ನಲ್ಲಿ. ತಮಿಳುನಾಡು 1998ರಲ್ಲಿ ಇಂಥದ್ದೇ ಕಾಯ್ದೆ ಮಾಡಿತ್ತು. ದೆಹಲಿಯಲ್ಲಿ 2012ರಲ್ಲಿ ಇಂಥದೊಂದು ಮಸೂದೆ ಲೋಕಸಭೆಯವರೆಗೆ ಬಂದು ಅಲ್ಲೇ ಬಿದ್ದುಹೋಯಿತು. ಕೇಂದ್ರದ ಖರೀದಿಗಳು ಹಣಕಾಸು ನಿಯಮಗಳ ಮೇಲೆ ನಡೆಯುತ್ತವೆ. ಈ ವಿಷಯದಲ್ಲಿ ನಾವು ಮುಂದೆಯೇ ಇದ್ದೆವು. ನಮ್ಮ ಕಾಯ್ದೆಯ ಪ್ರಕಾರ ಟೆಂಡರ್ ಬುಲೆಟಿನ್‌ನಲ್ಲಿ ಪ್ರಕಟಿಸಬೇಕು, ಯಾರು ಅರ್ಹರು ಎಂಬುದನ್ನು ಮೊದಲೇ ಬರೆದಿಡಬೇಕು, ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ದರದ ಲಕೋಟೆ ಮಾತ್ರ ತೆರೆಯಬೇಕು, ಅನ್ಯಾಯವಾಯಿತೆಂದವರು 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಆಮೇಲೆ ಇ-ಪ್ರೊಕ್ಯೂರ್‌ಮೆಂಟ್ ಬಂತು. ಪೆಟ್ಟಿಗೆ ಹಳೆ ಕಡತಗಳ ಕೋಣೆ ಸೇರಿತು, ಗೇಟಿನ ಗಟ್ಟಿ ಆಳುಗಳಿಗೆ ಬೇರೆ ಕೆಲಸ ಹುಡುಕಬೇಕಾಯಿತು.

ತಾಂತ್ರಿಕ ಲಕೋಟೆಯ ಪರೀಕ್ಷೆಗಳಲ್ಲಿ ನನಗೆ ಇಷ್ಟವಾದ ಲೆಕ್ಕವೊಂದಿದೆ, ಬಿಡ್ ಸಾಮರ್ಥ್ಯದ ಲೆಕ್ಕ. ಗುತ್ತಿಗೆದಾರ ಕಳೆದ ಐದು ವರ್ಷಗಳ ಪೈಕಿ ಒಂದೇ ವರ್ಷದಲ್ಲಿ ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತ ತೆಗೆದುಕೊಳ್ಳಿ. ಹೊಸ ಕಾಮಗಾರಿಗೆ ಎಷ್ಟು ವರ್ಷ ಬೇಕೋ ಅಷ್ಟರಿಂದ ಗುಣಿಸಿ, ಒಂದೂವರೆ ಪಟ್ಟು ಮಾಡಿ. ಅದರಲ್ಲಿ ಅವನ ಕೈಯಲ್ಲಿ ಬಾಕಿಯಿರುವ ಕೆಲಸಗಳನ್ನು ಕಳೆಯಿರಿ. ಒಂದು ಕೋಟಿಯ ಕೆಲಸ ಮಾಡಿದವನಿಗೆ ಒಂದು ವರ್ಷದ ಕಾಮಗಾರಿಯಲ್ಲಿ ಒಂದೂವರೆ ಕೋಟಿ ಸಾಮರ್ಥ್ಯ. ಈಗಾಗಲೇ 1.20 ಕೋಟಿಯ ಕೆಲಸ ಹಿಡಿದಿದ್ದರೆ ಉಳಿದದ್ದು 30 ಲಕ್ಷ, ಅಷ್ಟರೊಳಗಿನದ್ದಕ್ಕೆ ಮಾತ್ರ ಅವನು ಅರ್ಹ. ಬಹಳ ಚೆಂದದ ಲೆಕ್ಕ. ಆದರೆ ಕೈಯಲ್ಲಿರುವ ಕೆಲಸಗಳ ಪಟ್ಟಿ ಕೊಡುವವನು ಅವನೇ. ಬೇರೆ ಇಲಾಖೆಯ ಎರಡು ಕೆಲಸ ಪಟ್ಟಿಯಿಂದ ಬಿಟ್ಟುಹೋದರೆ ಉತ್ತರವೂ ಬದಲಾಗುತ್ತದೆ.

ಇಷ್ಟೆಲ್ಲ ಕಾವಲು ಇರುವುದು ಕೆಲಸ ಯಾರಿಗೆ ಸಿಗಬೇಕು ಎಂಬಲ್ಲಿಯವರೆಗೆ. ಸಿಕ್ಕಿದ ಮೇಲೆ ಏನಾಗುತ್ತದೆ ಎಂಬುದರ ಮೇಲೆ ಅದರ ಕಾಲುಭಾಗ ಕಾವಲೂ ಇಲ್ಲ ಎಂಬುದು ನನ್ನ ತಕರಾರು. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆರಳು ಮರಗಳ ಕೊಂಬೆ ಸವರುವ ಮರಗಸಿಯನ್ನು ಗುತ್ತಿಗೆಗೆ ಕೊಟ್ಟು ಮನೆಯಲ್ಲಿ ಕೂತರೆ ಯಾವ ಕೊಂಬೆ ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಬೆಟ್ಟದ ಸೀಮೆಯಲ್ಲಿ ಇನ್ನೊಂದು ತೊಡಕಿದೆ, ಕ್ಯಾಲೆಂಡರ್. ಸರ್ಕಾರದ ವರ್ಷ ಏಪ್ರಿಲ್‌ಗೆ ಶುರು. ಅನುದಾನ ಹಂಚಿಕೆಯಾಗಿ, ಕ್ರಿಯಾ ಯೋಜನೆಗೆ ಒಪ್ಪಿಗೆ ಸಿಕ್ಕಿ, ಅಂದಾಜುಪಟ್ಟಿಗೆ ತಾಂತ್ರಿಕ ಮಂಜೂರಾತಿ ಬರುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿರುತ್ತದೆ. ಆಮೇಲೆ ಟೆಂಡರ್. ನಾನು ಕಡತ ನೋಡುತ್ತಿದ್ದ ಕಾಲದ ನಿಯಮದಲ್ಲಿ ಎರಡು ಕೋಟಿವರೆಗಿನ ಕೆಲಸಕ್ಕೆ ಕನಿಷ್ಠ 30 ದಿನ, ಅದಕ್ಕಿಂತ ದೊಡ್ಡದಕ್ಕೆ 60 ದಿನ ಕಾಲಾವಕಾಶ ಕೊಡಬೇಕಿತ್ತು. ಮೇಲಧಿಕಾರಿ ಕಾರಣ ಬರೆದು ಕಡಿಮೆ ಮಾಡಬಹುದಿತ್ತು, ಆ ಕಾರಣ ಸಾಮಾನ್ಯವಾಗಿ 'ತುರ್ತು' ಎಂಬ ಒಂದೇ ಪದ. ಪರಿಶೀಲನೆ, ಒಪ್ಪಿಗೆ, ಕರಾರು ಎಲ್ಲ ಮುಗಿದು ಕಾರ್ಯಾದೇಶ ಹೊರಬೀಳುವುದು ಡಿಸೆಂಬರ್‌ಗೋ ಜನವರಿಗೋ. ಅದೇ ಹೊತ್ತಿಗೆ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ. ಮಾರ್ಚ್ 31ರೊಳಗೆ ಬಿಲ್ ಆಗದಿದ್ದರೆ ಅನುದಾನ ಕೈತಪ್ಪುವ ಭಯ. ಹಾಗಾಗಿ ಆಲೂರಿನ ಪಾಳ್ಯದಿಂದ ಹಿಡಿದು ಘಟ್ಟದ ಅಂಚಿನವರೆಗೆ ಎಲ್ಲ ಕೆಲಸವೂ ಒಟ್ಟೊಟ್ಟಿಗೆ ಆ ಕೊನೆಯ ಎರಡು ತಿಂಗಳಲ್ಲಿ. ಕಿರಿಯ ಇಂಜಿನಿಯರ್ ಒಬ್ಬನೇ, ಸೈಟು ಹತ್ತಾರು. ಹಾಕಿದ ಮಣ್ಣು ಕೂರಲು ಪುರಸೊತ್ತಿಲ್ಲ, ಚರಂಡಿ 'ಮುಂದಿನ ಕ್ರಿಯಾ ಯೋಜನೆ'ಗೆ. ಜೂನ್‌ನಲ್ಲಿ ಮಳೆ ಹಿಡಿದರೆ ಚರಂಡಿಯಿಲ್ಲದ ನೀರು ಡಾಂಬರಿನ ಮೇಲೇ ಹರಿಯುತ್ತದೆ.

ಮುಗಿಯದ ಕೆಲಸಕ್ಕೆ ಕಾಲಾವಧಿ ವಿಸ್ತರಣೆಯ ಅರ್ಜಿ ಬರುತ್ತದೆ. ಗಡುವು ದಾಟಿದರೆ ದಂಡ ಹಾಕಲು ಕರಾರಿನಲ್ಲಿ ಅವಕಾಶವಿದೆ. ಗುತ್ತಿಗೆದಾರನ ತಪ್ಪಲ್ಲದ ಕಾರಣವಿದ್ದರೆ ದಂಡವಿಲ್ಲ. ಜುಲೈನಲ್ಲಿ ಹೆತ್ತೂರಿನಲ್ಲಿ 'ಅನಿರೀಕ್ಷಿತ ಮಳೆ'ಯಾಯಿತು ಎಂದು ಬರೆದ ಅರ್ಜಿಗಳು ನನ್ನ ಮೇಜಿನ ಮೇಲೆ ಹಾದುಹೋಗಿವೆ. ಇದೇ ಮಳೆಯನ್ನು ಲೆಕ್ಕಕ್ಕೆ ಹಿಡಿದು ಕೆಲಸ ಮಾಡಿದ್ದೂ ಉಂಟು. 2018ರಲ್ಲಿ ಶಿರಾಡಿ ಘಾಟಿಯ ಕೆಂಪುಹೊಳೆ–ಅಡ್ಡಹೊಳೆ ನಡುವೆ ಕಾಂಕ್ರೀಟ್ ಹಾಕಲು ಜನವರಿಯಲ್ಲೇ ರಸ್ತೆ ಪೂರ್ತಿ ಮುಚ್ಚಿದರು. ಲಾರಿಯವರು ಶಪಿಸಿದರು, ಸಕಲೇಶಪುರದ ಹೋಟೆಲಿನವರಿಗೆ ವ್ಯಾಪಾರವಿರಲಿಲ್ಲ. ಜುಲೈಯಲ್ಲಿ ರಸ್ತೆ ತೆರೆಯಿತು. ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮತ್ತೆ ಸಂಚಾರ ನಿಂತಿತು, ಅದು ಬೇರೆ ಕಥೆ.

ಶಿರಾಡಿಯ ಇದೇ ಹೆದ್ದಾರಿಯ ಇನ್ನೊಂದು ತುಂಡು ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು. ಹಾಸನದಿಂದ ಮಾರನಹಳ್ಳಿವರೆಗೆ ಸುಮಾರು 45 ಕಿ.ಮೀ. ಚತುಷ್ಪಥದ ಗುತ್ತಿಗೆ ಸ್ಪೇನ್ ಮೂಲದ ಕಂಪನಿಗೆ ಹೋಯಿತು. 2017ರಲ್ಲಿ ಆ ಕಂಪನಿ ತನ್ನ ದೇಶದಲ್ಲೇ ದಿವಾಳಿಯ ಅರ್ಜಿ ಹಾಕಿತು. ಇಲ್ಲಿ ಅಗೆದ ರಸ್ತೆಯ ಕೆಸರಿನಲ್ಲಿ ನಾವು ವರ್ಷಗಟ್ಟಲೆ ಓಡಾಡಿದೆವು. ಟೆಂಡರ್ ದಿನ ಕಾಗದವೆಲ್ಲ ಸರಿಯಾಗಿದ್ದ ಗುತ್ತಿಗೆದಾರ ನಡುವೆ ಕೈಚೆಲ್ಲಿದರೆ ಮುಂದೇನು ಎಂಬುದಕ್ಕೆ ಕರಾರಿನಲ್ಲಿ ಉತ್ತರವಿದೆ, ಆದರೆ ಅದು ನಿಧಾನದ ಉತ್ತರ.

ಬಯಲುಸೀಮೆಗೆ ನೀರು ಒಯ್ಯುವ ಎತ್ತಿನಹೊಳೆ ಯೋಜನೆಯ ಪರಿಸರದ ಜಗಳಕ್ಕೆ ನಾನಿಲ್ಲಿ ಹೋಗುವುದಿಲ್ಲ, ಅಂಕಿ ಮಾತ್ರ ನೋಡಿ. 2012ರಲ್ಲಿ ಒಪ್ಪಿಗೆಯಾದಾಗ 8,323 ಕೋಟಿ ರೂಪಾಯಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ನಮ್ಮ ತಾಲ್ಲೂಕಿನ ದೊಡ್ಡನಗರದಲ್ಲಿ ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ. ಇದನ್ನೆಲ್ಲ 'ತಿಂದರು' ಎಂಬ ಒಂದೇ ಮಾತಿನಲ್ಲಿ ಮುಗಿಸುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಜಮೀನು ಕೈಗೆ ಬರುವ ಮೊದಲೇ ಟೆಂಡರ್ ಕರೆದರೆ ಪೈಪು ಬಂದು ಬಿದ್ದಿರುತ್ತದೆ, ಹೂಳಲು ನೆಲವಿರುವುದಿಲ್ಲ. ವರ್ಷ ಉರುಳಿದ ಹಾಗೆ ಪರಿಹಾರದ ದರ ಏರುತ್ತದೆ, ಸಾಮಗ್ರಿಯ ದರ ಏರುತ್ತದೆ. ಅತಿ ಕಡಿಮೆ ದರ ಹಾಕಿದವನಿಗೇ ಕೊಟ್ಟೆವೆಂದು ಕಡತ ಹೇಳುತ್ತಲೇ ಇರುತ್ತದೆ.

ಟೆಂಡರ್ ತಪ್ಪಿಸುವ ಕಾನೂನುಬದ್ಧ ದಾರಿಯೂ ಉಂಟು. ಕಾಯ್ದೆಯ ಕಲಂ 4(ಜಿ) ಅಡಿ ಸರ್ಕಾರವೇ ವಿನಾಯಿತಿ ಕೊಡಬಹುದು. ಹಳ್ಳಿಯವರು ಇನ್ನೂ 'ಭೂಸೇನೆ' ಎಂದೇ ಕರೆಯುವ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮಕ್ಕೂ ನಿರ್ಮಿತಿ ಕೇಂದ್ರಗಳಿಗೂ ಕೆಲಸಗಳು ನೇರವಾಗಿ ಹೋಗುವುದು ಹೀಗೆ. ಗುಡ್ಡ ಕುಸಿದಾಗ ಇಂಥ ದಾರಿ ಬೇಕು. ಸಮುದಾಯ ಭವನಕ್ಕೆ ಯಾಕೆ ಬೇಕೋ, ನನಗೆ ಅರ್ಥವಾಗಿಲ್ಲ.

ಗುತ್ತಿಗೆದಾರರ ಪರವಾಗಿಯೂ ಒಂದು ಮಾತು. ಬಿಲ್ ಬಾಕಿ ಉಳಿದರೆ ಸಣ್ಣವನು ಹೆಂಡತಿಯ ಒಡವೆ ಅಡ ಇಡುತ್ತಾನೆ. 2021ರಲ್ಲಿ ಗುತ್ತಿಗೆದಾರರ ಸಂಘದ ಅಧ್ಯಕ್ಷ ಡಿ. ಕೆಂಪಣ್ಣ ಪ್ರಧಾನಿಗೆ ಪತ್ರ ಬರೆದು ಮಾಡಿದ 40 ಪರ್ಸೆಂಟ್ ಕಮಿಷನ್ ಆರೋಪ ಎಲ್ಲರಿಗೂ ನೆನಪಿದೆ. ಅದರ ಸತ್ಯಾಸತ್ಯ ತನಿಖೆಗೆ ಬಿಟ್ಟದ್ದು. ಆದರೆ ಹೋದ ಕಾಸು ಎಲ್ಲಿಂದಾದರೂ ಬರಬೇಕಲ್ಲ, ಬರುವುದು ಜಲ್ಲಿಯ ದಪ್ಪದಿಂದ.

ಅದಕ್ಕೇ ನಾನು ಊರಿನವರಿಗೆ ಅಳತೆ ಪುಸ್ತಕದ ಬಗ್ಗೆ ಹೇಳುತ್ತೇನೆ. ಎಂ.ಬಿ. ಎನ್ನುತ್ತಾರೆ ಅದನ್ನು. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಎಂದು ಇಂಜಿನಿಯರ್ ಬರೆದು ಸಹಿ ಹಾಕುವ ಪುಸ್ತಕ. ಬಿಲ್ ಹುಟ್ಟುವುದು ಅದರಿಂದ. ಮಾಹಿತಿ ಹಕ್ಕಿನಲ್ಲಿ ಅದರ ನಕಲು ಸಿಗುತ್ತದೆ. ಜೊತೆಗೆ ದೋಷ ಹೊಣೆಗಾರಿಕೆ ಅವಧಿ ಎಂಬುದೊಂದಿದೆ. ಅದು ಮುಗಿಯುವವರೆಗೆ ಕೆಲಸ ಕೆಟ್ಟರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಮಾಡಬೇಕು, ಅವನ ಭದ್ರತಾ ಠೇವಣಿ ಅಲ್ಲಿಯವರೆಗೆ ಇಲಾಖೆಯ ಕೈಯಲ್ಲಿರುತ್ತದೆ.

ಪಕ್ಕದ ತೋಟದ ಹುಡುಗ ಒಂದು ದಿನ ಬಂದು, "ಅಕ್ಕ, ಮೋರಿ ಪಕ್ಕದ ತಡೆಗೋಡೆ ಬಾಯಿ ಬಿಟ್ಟದೆ, ಯಾರಿಗೆ ಹೇಳಾದು?" ಎಂದ. ಫಲಕದ ಫೋಟೊ ತೆಗೆದುಕೊಂಡು ಬಾ ಎಂದೆ. ಅವಧಿ ಇನ್ನೂ ಬಾಕಿಯಿತ್ತು. ಕಾರ್ಯಪಾಲಕ ಇಂಜಿನಿಯರಿಗೆ ಅರ್ಜಿ ಬರೆಸಿ, ಠೇವಣಿ ಬಿಡುಗಡೆ ಮಾಡಬೇಡಿ ಎಂಬ ಸಾಲಿನ ಕೆಳಗೆ ಗೆರೆ ಎಳೆಸಿದೆ. ವಾರ ಕಳೆದ ಮೇಲೆ ಗುತ್ತಿಗೆದಾರನ ಕಡೆಯವರು ಬಂದು ಬಿರುಕಿಗೆ ಸಿಮೆಂಟ್ ಮೆತ್ತಿ ಹೋದರು. ಎಂ.ಬಿ. ನಕಲು ತರಿಸಿ ನೋಡಿದರೆ ಗೋಡೆಯಲ್ಲಿ ನೀರು ಬಸಿಯುವ ಪೈಪುಗಳ ಲೆಕ್ಕವಿದೆ, ಗೋಡೆಯಲ್ಲಿ ಒಂದೂ ಇಲ್ಲ. ಎರಡನೇ ಅರ್ಜಿ ಈ ಸೋಮವಾರ ಹೋಗುತ್ತದೆ, ಈ ಸಲ ನಕಲಿನ ಪುಟವನ್ನೂ ಲಗತ್ತಿಸಿದ್ದೇವೆ.