ಗೌನಿಪಲ್ಲಿಯಲ್ಲೊಂದು ಸಮುದ್ರ

ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಿಂದ ಸಮುದ್ರ ಬಹು ದೂರ. ಆದರೆ ಹವಳದ ತೊಟ್ಟಿ ಇಡಲು ಹೊರಟವರಿಗೆ ಇಲ್ಲಿನ ನಿಜವಾದ ತೊಡಕು ದೂರವಲ್ಲ, ನೀರು. ಕೋಲಾರ ಸೀಮೆಯ ಆಳದ ಬೋರ್‌ವೆಲ್ ನೀರು ಗಡಸು. ಹಲವೆಡೆ ಫ್ಲೋರೈಡ್ ಕೂಡ ಹೆಚ್ಚು. ಆ ನೀರಿಗೇ ಉಪ್ಪು ಬೆರೆಸಿದರೆ ಸಮುದ್ರವಾಗದು. ಆರ್‌ಒ ಯಂತ್ರದಲ್ಲಿ ಸೋಸಿ, ಉಳಿದ ಲವಣವನ್ನು ಡಿಐ ರೆಸಿನ್‌ನಲ್ಲಿ ತೆಗೆದ ನೀರೇ ಬೇಕು.

ನೂರು ಲೀಟರಿಗೆ ಮೂರೂವರೆ ಕಿಲೋಗಿಂತ ತುಸು ಹೆಚ್ಚು ಅಕ್ವೇರಿಯಂ ಉಪ್ಪು ಹಿಡಿಯುತ್ತದೆ. ಅಡುಗೆ ಉಪ್ಪು ನಡೆಯದು: ಹವಳ ತನ್ನ ಮೈಗೂಡು ಕಟ್ಟಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಡುತ್ತದೆ. ಲವಣಾಂಶ ಲೀಟರಿಗೆ 35 ಗ್ರಾಂ ಆಸುಪಾಸು, ಉಷ್ಣತೆ 24ರಿಂದ 26 ಡಿಗ್ರಿ ಇರಬೇಕು. ಬೇಸಿಗೆಯಲ್ಲಿ ನೀರು ತಣಿಸುವ ಚಿಲ್ಲರ್ ಇಲ್ಲದೆ ಇದು ಕಷ್ಟ. ಆವಿಯಾಗುವುದು ಬರೀ ನೀರು, ಉಪ್ಪಲ್ಲ. ಹಾಗಾಗಿ ದಿನವೂ ತುಂಬಿಸಬೇಕಾದದ್ದು ಸಿಹಿನೀರು.

ಆಮೇಲೆ ಕಾಯುವಿಕೆ. ಮೀನಿನ ಕಸದಿಂದ ಹುಟ್ಟುವ ಅಮೋನಿಯ ವಿಷ. ತೊಟ್ಟಿಯಲ್ಲಿಟ್ಟ ಕಲ್ಲಿನ ರಂಧ್ರಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಮತ್ತೆ ನೈಟ್ರೇಟ್ ಮಾಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಅಲ್ಲಿಯವರೆಗೆ ಖಾಲಿ ತೊಟ್ಟಿ ನೋಡುತ್ತ ಕೂರುವ ತಾಳ್ಮೆ ಎಲ್ಲರಿಗೂ ಇರದು.

ಕಾನೂನನ್ನೂ ಮರೆಯುವಂತಿಲ್ಲ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಆದರೆ ದೇಶದ ಕಡಲಿನ ಗಟ್ಟಿ ಹವಳ 2001ರಿಂದ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕಿತ್ತರೆ ಅಪರಾಧ. ಹಾಗಾಗಿ ಮೊದಲ ತೊಟ್ಟಿಗೆ ಸೆರಾಮಿಕ್ ಕಲ್ಲು, ತೊಟ್ಟಿಯಲ್ಲೇ ಮರಿಯಾದ ಒಂದು ಜೋಡಿ ಕ್ಲೌನ್ ಮೀನು ಸಾಕು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ಮೀನಿನ ತಳಿವರ್ಧನೆಯ ವಿಧಾನ ರೂಪಿಸಿದೆ. ಇನ್ನು ಕರೆಂಟು ಹೋದಾಗ ಬ್ಯಾಟರಿಯ ಏರ್ ಪಂಪ್ ಕೈಗೆಟಕುವಂತಿರಲಿ.