ಹೆದರಿಕೆಯನ್ನೂ ಕರೆದುಕೊಂಡು ಕುದುರೆಮುಖಕ್ಕೆ

ಮುಳ್ಳೋಡಿಯ ಹೋಮ್‌ಸ್ಟೇ ಅಂಗಳದಲ್ಲಿ ಬೆಳಿಗ್ಗೆ ಏಳು ಗಂಟೆಗೆ ಗೈಡ್ ಹುಡುಗ ನಮ್ಮ ಮುಖ ನೋಡಲಿಲ್ಲ, ಕಾಲು ನೋಡಿದ. "ಸಾಕ್ಸನ್ನ ಪ್ಯಾಂಟಿನ ಮೇಲೆ ಎಳ್ಕೊಳ್ಳಿ ಅಕ್ಕಾ. ಇಂಬಳ ಅಲ್ಲಿಂದ್ಲೇ ಹತ್ತೋದು." ಹೊಗೆಸೊಪ್ಪಿನ ಪುಡಿ ಕಲಸಿದ ಕೊಬ್ಬರಿ ಎಣ್ಣೆಯ ಬಾಟಲಿ ನನ್ನ ಕೈಗಿಟ್ಟ. ನಾನು ಮೊಣಕಾಲಿನವರೆಗೂ ಹಚ್ಚಿಕೊಂಡೆ. ತಮ್ಮನ ಮಗಳು, ಕಾಲೇಜು ಓದುವವಳು, ಬೇಡವೆಂದಳು. "ಅತ್ತೆ, ಅದೇನು ಹುಲಿಯಾ?"

ನಾನು ಬಯಲುಸೀಮೆಯವಳು. ನಮ್ಮೂರಲ್ಲಿ ದೂರದಲ್ಲಿ ಬರುವ ಮನುಷ್ಯ ಯಾರೆಂದು ಅವನ ನಡಿಗೆಯಲ್ಲೇ ಹೇಳಬಹುದು, ಅಷ್ಟು ಬಯಲು. ಐದು ಹೆಜ್ಜೆ ಆಚೆ ಏನಿದೆಯೆಂದು ಕಾಣದ ಕಾಡು ನನಗೆ ಚಿಕ್ಕಂದಿನಿಂದ ಭಯ. ಆದರೂ ಕುದುರೆಮುಖ ನೋಡಬೇಕೆಂಬ ಆಸೆ ಆ ಭಯಕ್ಕಿಂತ ಹಳೆಯದು. ರಾತ್ರಿ ಬಸ್ಸಿನಲ್ಲಿ ಕಳಸಕ್ಕೆ ಬಂದು, ಭದ್ರೆಯ ದಂಡೆಯಲ್ಲಿ ಮುಖ ತೊಳೆದು, ಕಳಸೇಶ್ವರನಿಗೆ ಕೈಮುಗಿದು, ಸಂಸೆಯ ಹತ್ತಿರದ ಬಾಳೆಗಲ್ಲಿನಿಂದ ಜೀಪು ಹತ್ತಿದ್ದೆವು. ಬಾಳೆಗಲ್ಲಿನಿಂದ ಮುಳ್ಳೋಡಿಗೆ ಇರುವ ಆ ಕೆಲವೇ ಕಿಲೋಮೀಟರ್ ಕಲ್ಲುದಾರಿಯಲ್ಲಿ ಜೀಪಿನ ಕಂಬಿ ಹಿಡಿದ ಕೈ ಮರುದಿನವೂ ನೋಯುತ್ತಿತ್ತು.

ಚಿಕ್ಕಮಗಳೂರು ಜಿಲ್ಲೆಯ ಈ ಶಿಖರ ಸಮುದ್ರಮಟ್ಟದಿಂದ 1890 ಮೀಟರಿಗೂ ಮೇಲಿದೆ. ಕರ್ನಾಟಕದ ಅತಿ ಎತ್ತರದ ಬೆಟ್ಟಗಳಲ್ಲಿ ಒಂದು. ಒಂದು ಮಗ್ಗುಲಿನಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುವುದರಿಂದ ಈ ಹೆಸರು. ಮುಳ್ಳೋಡಿಯಿಂದ ತುದಿಗೆ ಹೋಗಿ ಬರಲು ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್ ನಡಿಗೆ. ರಾಷ್ಟ್ರೀಯ ಉದ್ಯಾನದ ಒಳಗಿನ ದಾರಿಯಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಮೇಲೆ ರಾತ್ರಿ ಉಳಿಯುವಂತಿಲ್ಲ. ಈ ಕೊನೆಯ ನಿಯಮ ಓದಿದಾಗ ನನಗೆ ಬಹಳ ಸಮಾಧಾನವಾಗಿತ್ತು.

ಮೊದಲ ಅರ್ಧ ಗಂಟೆಯಲ್ಲೇ ಯಾರೋ ಸಿಳ್ಳೆ ಹಾಕಿದರು. ಮರಗಳ ಒಳಗಿನಿಂದ, ನಿಧಾನವಾಗಿ, ಅರ್ಧ ನೆನಪಿರುವ ಹಾಡೊಂದನ್ನು ಹುಡುಕುವವರ ಹಾಗೆ. ನಾನು ನಿಂತುಬಿಟ್ಟೆ. ಈ ಹೊತ್ತಿನಲ್ಲಿ ಈ ಕಾಡಿನೊಳಗೆ ನಿಂತು ಸಿಳ್ಳೆ ಹಾಕುವವನು ಒಳ್ಳೆಯವನಾಗಿರಲು ಸಾಧ್ಯವಿಲ್ಲ ಎಂದು ಗೈಡಿಗೆ ಹೇಳಿದೆ. ಅವನು ನಗಲಿಲ್ಲ. ತೊರೆಯ ಕಡೆ ಬೆರಳು ತೋರಿಸಿದ. ಒದ್ದೆ ಬಂಡೆಯ ಮೇಲೆ ಕಪ್ಪುನೀಲಿ ಬಣ್ಣದ ಹಕ್ಕಿಯೊಂದು ಕೂತಿತ್ತು. ಮಲಬಾರ್ ವಿಸ್ಲಿಂಗ್ ಥ್ರಶ್. ಪಶ್ಚಿಮಘಟ್ಟದ ತೊರೆಗಳ ಬದಿಯಲ್ಲಿ ವಾಸಿಸುವ ಈ ಹಕ್ಕಿಯ ದನಿ ಥೇಟ್ ಮನುಷ್ಯರ ಸಿಳ್ಳೆ. ನಾವು ನೋಡುತ್ತಿದ್ದಂತೆ ಇನ್ನೊಂದು ಸಲ ಹಾಡಿತು. ಅಷ್ಟು ಇಂಪಾದ ದನಿಗೆ ಅಷ್ಟು ಹೆದರಿದವರು ಆ ಬೆಳಿಗ್ಗೆ ನಾನೊಬ್ಬಳೇ ಇರಬೇಕು ಎಂದಳು ಸೊಸೆ. ಮೂವರೂ ನಕ್ಕೆವು.

ಮುಂದೆ ತಲೆಯ ಮೇಲೆ ಕೊಂಬೆಗಳು ಧಡಧಡ ಅಲುಗಾಡಿ, ಯಾರೋ ಗಿಲಕಿ ಬಡಿದಂತೆ ಸದ್ದಾಯಿತು. ನಾನು ಗೈಡಿನ ಬೆನ್ನಚೀಲ ಹಿಡಿದುಕೊಂಡೆ. ಕೆಂದಳಿಲು! ಬೆಕ್ಕಿಗಿಂತ ಉದ್ದ, ಬಾಲವೇ ಒಂದು ಮೊಳಕ್ಕೂ ಹೆಚ್ಚು. ನೆಲಕ್ಕಿಳಿಯುವುದೇ ಅಪರೂಪವಾದ ಪ್ರಾಣಿ ಅದು. ನಮ್ಮನ್ನು ಕಂಡು ಅದೇ ಗಾಬರಿಯಾಗಿ ಕೂಗುತ್ತಿತ್ತು. "ಹೆದರ್ಬೇಡಿ ಮಾರಾಯ್ರೆ, ಅದು ಬೈತಾ ಉಂಟು ಅಷ್ಟೆ" ಎಂದ ಗೈಡ್. ಬೆಳಗ್ಗಿನಿಂದ ಅವನು ಹೆದರಬೇಡಿ ಎಂದದ್ದು ಅದು ಏಳನೆಯ ಸಲ. ಸೊಸೆ ಎಣಿಸುತ್ತಿದ್ದಳು.

ಒಂಟಿಮರ ಎಂಬ ಜಾಗಕ್ಕೆ ಬಂದಾಗ ಕಾಡು ಸರಿದು ಬೆಟ್ಟ ಕಾಣಿಸಿಕೊಂಡಿತು. ಹುಲ್ಲಿನ ಇಳಿಜಾರಿನಲ್ಲಿ ಒಂದೇ ಮರ, ಆಚೆ ಹಸಿರು ಗುಡ್ಡಗಳ ಸಾಲು, ಅವುಗಳ ಮಡಿಕೆಗಳಲ್ಲಿ ಕಪ್ಪಗೆ ಕಾಡು. ಇಲ್ಲಿ ಸುಮ್ಮನೆ ಕೂತುಕೊಳ್ಳಬೇಕು. ಬಹಳ ಜನ ಫೋಟೊ ತೆಗೆದು ಹೊರಟುಬಿಡುತ್ತಾರೆ, ಅದು ತಪ್ಪು. ಕುದುರೆಮುಖ ಹೇಗೆ ಕಟ್ಟಿಕೊಂಡಿದೆ ಎಂಬುದು ತಿಳಿಯುವುದು ಇಲ್ಲಿಂದಲೇ. ಗಾಳಿ ಬಡಿಯುವ ಬೆನ್ನುಗಳ ಮೇಲೆ ಬರೀ ಹುಲ್ಲು. ಮಣ್ಣೂ ನೀರೂ ಇಳಿದು ನಿಲ್ಲುವ ಕಣಿವೆಗಳಲ್ಲಿ ಮಾತ್ರ ಮರ. ಇದು ಶೋಲಾ ಕಾಡು. ಗಾಳಿಗೆ ತಗ್ಗಿ ಬೆಳೆದ ಗಿಡ್ಡ ಮರಗಳು ಒಂದಕ್ಕೊಂದು ತಲೆ ಕೊಟ್ಟು ನಿಂತಿರುತ್ತವೆ, ಕಾಂಡಕ್ಕೆಲ್ಲ ಹಾವಸೆ, ಹಾವಸೆಯ ಮೇಲೆ ಸೀತಾಳೆ ಹೂವಿನ ಗಿಡ. ಮಳೆಗಾಲದಲ್ಲಿ ಇಲ್ಲಿ ಬೀಳುವ ನೀರನ್ನು ಹುಲ್ಲಿನ ಬೇರು ಮತ್ತು ಶೋಲಾದ ನೆಲ ಹೀರಿಕೊಂಡು, ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ತೊರೆಗಳಿಗೆ ಬಿಟ್ಟುಕೊಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಈ ಮೂರೂ ಹುಟ್ಟುವ ಗಂಗಾಮೂಲ ಇದೇ ರಾಷ್ಟ್ರೀಯ ಉದ್ಯಾನದಲ್ಲಿದೆ. ಎರಡು ಪೂರ್ವಕ್ಕೆ ಹೋಗಿ ಕೂಡ್ಲಿಯಲ್ಲಿ ಸೇರುತ್ತವೆ, ಒಂದು ಘಟ್ಟ ಇಳಿದು ಮಂಗಳೂರಿನ ಕಡಲಿಗೆ ಹೋಗುತ್ತದೆ. ಬಯಲುಸೀಮೆಯ ಎಷ್ಟೋ ಗದ್ದೆಗಳ ನೀರು ಇಂಥ ಬೆಟ್ಟಗಳಿಂದಲೇ ಇಳಿದು ಬಂದದ್ದು.

ಲೋಬೋ ಮನೆ ದಾಟುವಾಗ ತುಂತುರು ಶುರುವಾಯಿತು. ಹಿಂದೆ ಇಲ್ಲಿ ಬೇಸಾಯ ಮಾಡಿಕೊಂಡಿದ್ದ ಕುಟುಂಬದ ಮನೆ, ಈಗ ಪಾಳು. ಇಷ್ಟು ದೂರದಲ್ಲಿ, ಜಡಿಮಳೆಯ ತಿಂಗಳುಗಳಲ್ಲಿ ದೀಪ ಹಚ್ಚಿಕೊಂಡು ಬದುಕಿದವರ ಧೈರ್ಯವನ್ನು ನೆನೆದು ಸ್ವಲ್ಪ ಹೊತ್ತು ನಿಂತೆ.

ಅಲ್ಲಿಂದ ಮೇಲಿನ ಹುಲ್ಲುಗಾವಲಿನಲ್ಲಿ ಮಂಜು ಬಂದು ಹೋಗುತ್ತಿತ್ತು. ಒಮ್ಮೆ ಮಂಜು ಸರಿದಾಗ ಎದುರಿನ ಇಳಿಜಾರಿನಲ್ಲಿ ಕಪ್ಪು ಬಂಡೆಯೊಂದು ಕಂಡಿತು. ಬಂಡೆ ತಲೆ ಎತ್ತಿತು. ಬಿಳಿ ಸಾಕ್ಸ್ ಹಾಕಿಕೊಂಡಂಥ ನಾಲ್ಕು ಕಾಲು. ಕಾಟಿ. ಗೈಡ್ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದ, "ಈಗ ಹೆದರ್ಬೇಕು ಅಕ್ಕಾ. ನಿಲ್ಲಿ. ಓಡ್ಬೇಡಿ, ಮಾತಾಡ್ಬೇಡಿ."

ಆ ಮಾತು ನನಗೆ ಎಂಥ ನೆಮ್ಮದಿ ಕೊಟ್ಟಿತೆಂದರೆ, ಬೆಳಗ್ಗಿನಿಂದ ನಡುಗುತ್ತಿದ್ದ ಕಾಲು ಆಗ ನಡುಗಲಿಲ್ಲ. ಬೇರನ್ನು ಹಾವೆಂದು, ಹಕ್ಕಿಯನ್ನು ಕಳ್ಳನೆಂದು, ಅಳಿಲನ್ನು ಹುಲಿಯೆಂದು ಅಂಜಿದ್ದವಳಿಗೆ ಕೊನೆಗೊಂದು ನಿಜವಾದ ಭಯ ಸಿಕ್ಕಿತ್ತು, ಅದರ ಎದುರು ಏನು ಮಾಡಬೇಕೆಂದು ಹೇಳುವವನೂ ಪಕ್ಕದಲ್ಲಿದ್ದ. ಬಲಿತ ಗಂಡು ಕಾಟಿ ಸಾವಿರ ಕಿಲೋದವರೆಗೂ ತೂಗುತ್ತದೆ. ಒಂಟಿಯಾಗಿದ್ದಾಗ ಅದನ್ನು ಕೆಣಕಬಾರದು. ಐದು ನಿಮಿಷ ನಾವು ಅದನ್ನು ನೋಡಿದೆವು, ಅದು ನಮ್ಮನ್ನು ನೋಡಿತು. ಆಮೇಲೆ ಅವಸರವಿಲ್ಲದೆ ಶೋಲಾದೊಳಗೆ ಇಳಿದುಹೋಯಿತು. ಅಷ್ಟೂ ಹೊತ್ತು ನನ್ನ ತೋಳು ಹಿಡಿದುಕೊಂಡಿದ್ದವಳು ಸೊಸೆ.

ಕಡೆಯ ಏರು ಕಡಿದು. ಬ್ರಿಟಿಷರ ಕಾಲದ ಚರ್ಚಿನದೆಂದು ಹೇಳುವ ಕಲ್ಲುಗೋಡೆಯ ಬಳಿ ತಣ್ಣನೆಯ ನೀರು ಕುಡಿದು, ತುದಿ ಮುಟ್ಟಿದಾಗ ಹನ್ನೆರಡೂವರೆ. ಅಂಚಿಗೆ ಹೋಗಿ ಕರಾವಳಿಯ ಕಡೆ ನೋಡಿದರೆ ನೆಲ ಒಮ್ಮೆಲೇ ಮುಗಿದುಹೋಗುತ್ತದೆ. ಕೆಳಗಿನಿಂದ ಮೋಡ ಮೇಲಕ್ಕೆ ಉಕ್ಕುತ್ತಿತ್ತು. ನಾನು ಅಂಚಿನಿಂದ ದೂರ, ಹುಲ್ಲಿನ ಮೇಲೆ ಗಟ್ಟಿಯಾಗಿ ಕೂತು, ಬಾಳೆಎಲೆಯಲ್ಲಿ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದೆ. ಅಷ್ಟು ರುಚಿಯಾದ ಚಿತ್ರಾನ್ನ ನಾನು ಬೇರೆಲ್ಲೂ ತಿಂದಿಲ್ಲ.

ಊಟದ ಹೊತ್ತಿನಲ್ಲಿ ಗೈಡ್ ಮಂಜಿನ ಕಡೆ ಕೈ ತೋರಿಸಿ, "ಗಣಿ ಇದ್ದದ್ದು ಆ ದಿಕ್ಕಲ್ಲಿ. ನಮ್ಮಪ್ಪ ಅಲ್ಲೇ ಕೆಲಸಕ್ಕಿದ್ರು" ಎಂದ. ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇರುವುದನ್ನು 1913ರಲ್ಲೇ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕದಡಿ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸುತ್ತಿದ್ದರು. ಸಿಂಗಳೀಕಗಳ ಮೇಲೆ ಉಲ್ಲಾಸ ಕಾರಂತರು ನಡೆಸಿದ ಅಧ್ಯಯನದ ಬಲದಿಂದ 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಆದರೂ ಗಣಿ ನಡೆದೇ ಇತ್ತು, ಮಳೆಗಾಲದಲ್ಲಿ ಭದ್ರೆಗೆ ಹೂಳು ಇಳಿಯುತ್ತಲೇ ಇತ್ತು. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಕೆಲಸ ಕಳೆದುಕೊಂಡ ಮನೆಗಳ ಸಂಕಟ ಸಣ್ಣದಲ್ಲ, ಈ ಹುಡುಗನ ಮನೆಯೂ ಅದರಲ್ಲಿ ಒಂದು. ಆದರೂ ಅವನೇ ಹೇಳಿದ, "ಗುಡ್ಡ ಇದ್ದದ್ದಕ್ಕೆ ಇವತ್ತು ನನಗೆ ಈ ಕೆಲಸ ಉಂಟು." ನಾನು ಅವನ ಮಾತನ್ನು ನಂಬುತ್ತೇನೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಒದ್ದೆ ಹುಲ್ಲು, ಜಾರುವ ಕೆಂಪು ಮಣ್ಣು. ಪಾದ ಅಡ್ಡ ಇಟ್ಟು, ಕೋಲು ಊರಿ, ಗೈಡ್ ಕಾಲಿಟ್ಟಲ್ಲೇ ಕಾಲಿಟ್ಟು ಇಳಿದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಬೂಟು ನೋಡಿಕೊಳ್ಳುತ್ತಿದ್ದೆ. ಇಂಬಳ ನಮ್ಮ ಮೈಬಿಸಿಯನ್ನೂ ಹೆಜ್ಜೆಯ ಕಂಪನವನ್ನೂ ಗುರುತಿಸಿ ಬರುತ್ತದೆ. ಕಚ್ಚುವಾಗ ನೋವಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಗಾಯಕ್ಕೆ ಬಿಡುತ್ತದೆ, ಅದಕ್ಕೇ ಅದು ಉದುರಿದ ಮೇಲೂ ರಕ್ತ ಬಹಳ ಹೊತ್ತು ನಿಲ್ಲದು. ಕಿತ್ತೆಸೆಯಬಾರದು, ಉಗುರಿನಿಂದ ಅದರ ಬಾಯಿಯ ಪಕ್ಕಕ್ಕೆ ಒತ್ತಿ ಜಾರಿಸಬೇಕು.

ನಾಲ್ಕೂವರೆಗೆ ಮುಳ್ಳೋಡಿಯ ಅಂಗಳದಲ್ಲಿ ಬೂಟು ಬಿಚ್ಚಿ ಲೆಕ್ಕ ಹಾಕಿದೆವು. ನನ್ನ ಕಾಲಲ್ಲಿ ಎರಡು ಇಂಬಳ, ಸೊಸೆಯ ಕಾಲಲ್ಲಿ ಹನ್ನೊಂದು. ಅವಳು ಅಂಗಳದ ತುಂಬ ಕುಣಿದ ಕುಣಿತಕ್ಕೆ ಹೋಮ್‌ಸ್ಟೇಯ ಅಮ್ಮ ಒಲೆ ಬಿಟ್ಟು ಹೊರಗೆ ಬಂದು, ಸುಣ್ಣದ ಡಬ್ಬಿ ಹಿಡಿದು ಒಂದೊಂದನ್ನೇ ಬಿಡಿಸಿದರು. "ಅತ್ತೆಯ ಹಾಗೆ ಹೆದರಿಕೊಂಡು ಹೋಗ್ಬೇಕಿತ್ತು ಮಗಾ" ಎಂದರು.

ಕುದುರೆಮುಖಕ್ಕೆ ಹೋಗುವುದಾದರೆ ಮಳೆ ಸ್ವಲ್ಪ ಹಿಂದೆಗೆದ ಅಕ್ಟೋಬರಿನಲ್ಲಿ ಹೋಗಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಕಾರಣಕ್ಕೆ ದಾರಿ ಮುಚ್ಚುತ್ತಾರೆ. ಅನುಮತಿಯನ್ನು ಮೊದಲೇ ಪಡೆಯಿರಿ. ಗೈಡ್ ಹಿಂದೆಯೇ ನಡೆಯಿರಿ, ಅವರು ನಿಲ್ಲಿ ಎಂದಾಗ ನಿಲ್ಲಿ. ಪ್ಲಾಸ್ಟಿಕ್ ಒಯ್ಯಬೇಡಿ, ಚಿತ್ರಾನ್ನವನ್ನು ಬಾಳೆಎಲೆಯಲ್ಲೇ ಕಟ್ಟಿಸಿಕೊಳ್ಳಿ.